ಗುಡ್ಡದ ಹಿಂದಿನ ತೋಪು

ಪಕ್ಕದ ಮನೆಯಲ್ಲಿ ನಿವೃತ್ತ ಫಿರಂಗಿ ಸೈನಿಕರೊಬ್ಬರಿದ್ದರೆ, ಯುದ್ಧ ಮುಗಿದು ಎಷ್ಟು ವರ್ಷವಾದರೂ ಅದರ ಚೂರುಗಳು ನಮ್ಮ ಅಂಗಳಕ್ಕೆ ಬೀಳುತ್ತಲೇ ಇರುತ್ತವೆ. ನವಲಗುಂದ ಸೀಮೆಯ ನಮ್ಮೂರಲ್ಲಿ ಎರೆಹೊಲ ನೇರವಾಗಿ ಆಕಾಶವನ್ನೇ ಸೇರುತ್ತದೆ. ಹವಾಲ್ದಾರ ಕಾಕಾ ಕಟ್ಟೆಯ ಮೇಲೆ ಕುಳಿತು, ಆ ಸೇರುವ ಗೆರೆಯ ಮೇಲೆ ತಮ್ಮ ಹಿಮದ ಗುಡ್ಡಗಳನ್ನು ತಾವೇ ನಿಲ್ಲಿಸಿಕೊಂಡು ನೋಡುತ್ತಿರುತ್ತಾರೆ. ಇತಿಹಾಸದ ಶಿಕ್ಷಕಿಯಾದ ನನಗೆ, ಶಾಲೆಯ ಫಲಕಕ್ಕಾಗಿ ಅವರ ಬಗ್ಗೆ ನಾಲ್ಕು ಸಾಲು ಬರೆಯುವ ಕೆಲಸ ಬಂದಿತ್ತು.

೧. ಹುಕುಂ

ಯುದ್ಧದಲ್ಲಿ ಫಿರಂಗಿ ತೋಪಿನ ಬಳಿ ಕೇಳಿದ ಪ್ರತಿ ಆಜ್ಞೆಯನ್ನೂ ಗಟ್ಟಿಯಾಗಿ ಮರಳಿ ಹೇಳಿಯೇ ಪಾಲಿಸಬೇಕಂತೆ. ಒಂದಂಕಿ ತಪ್ಪಿದರೂ ಗುಂಡು ಬೇರೆಲ್ಲೋ ಬೀಳುತ್ತದೆ. ಕಾಕಾ ಆ ಅಭ್ಯಾಸ ಬಿಟ್ಟಿಲ್ಲ. ಒಮ್ಮೆ ಬೀಗರು ಬಂದು ಪಡಸಾಲೆಯಲ್ಲಿ ಕುಳಿತಿದ್ದರು. ಕಾಕಾರ ಹೆಂಡತಿ, ನಮ್ಮ ಕಾಕು, ಬಾಗಿಲ ಮರೆಯಿಂದ ಮೆಲ್ಲಗೆ ಅಂದರು:

"ಹಾಲು ಒಡದೈತಿ. ಅವರಾಗೇ ಚಹಾ ಬ್ಯಾಡ ಅನ್ನೂ ಹಂಗ ಮಾಡ್ರಿ."

ಕಾಕಾ ಎದ್ದು ನೆಟ್ಟಗೆ ನಿಂತು, ಓಣಿಗೆಲ್ಲ ಕೇಳುವಂತೆ ಕೂಗಿದರು: "ಅವರಾಗೇ ಚಹಾ ಬ್ಯಾಡ ಅನ್ನೂ ಹಂಗ ಮಾಡೂದು!"

"ನಮಗ ಚಹಾ ಬ್ಯಾಡ್ರಿ" ಎಂದರು ಬೀಗರು. ಹುಕುಂ ಪಾಲನೆಯಾಯಿತು.

೨. ಮೀಸೆ

ಕಾಕಾ ವೈರಿಯ ಮೀಸೆಗೆ ಗುರಿಯಿಟ್ಟು ಹೊಡೆದರೆಂಬುದು ಊರಿನ ನಂಬಿಕೆ. ನನಗೆ ಅನುಮಾನ. ಹಿಟ್ಟಿನ ಗಿರಣಿಯಲ್ಲಿ ಎಲ್ಲರೆದುರಿಗೇ ಕಾಕಾರನ್ನು ಕೇಳಿದೆ.

"ಎಲ್ಲೀ ಮೀಸಿ ಅಕ್ಕಾರ? ನಮ್ಮ ತೋಪು ಗುಡ್ಡದ ಹಿಂದಿತ್ತು. ಮುಂದ ಕಾಲಾಳು ಮಂದಿ ಜೋಡಿ ಇದ್ದ ಸಾಹೇಬರು ವಾಯರ್‌ಲೆಸ್‌ನ್ಯಾಗ ಅಂಕಿ ಹೇಳ್ತಿದ್ರು, ನಾವು ಹೊಡೀತಿದ್ವಿ. ವೈರೀನ ನಾ ಕಂಡೇ ಇಲ್ಲ."

ದಂತಕಥೆಯೊಂದು ಮುಗಿಯಿತೆಂದು ನಾನು ಸಮಾಧಾನಪಟ್ಟೆ. ಗಿರಣಿಯವನು ಹಿಟ್ಟು ಮೆತ್ತಿದ ಕೈ ಎತ್ತಿ ಮುಗಿದ:

"ಕಾಣಲಾರದ ಮೀಸಿಗೆ ಹೊಡದಾರಂದ್ರ, ಎಂಥಾ ಮನಶ್ಯಾ ಇರಬೇಕ್ರಿ!"

೩. ಕವಣೆ

ಬಿಳಿಜೋಳ ಹಾಲುಗಾಳು ಕಟ್ಟಿದಾಗ ಹೊಲವೆಲ್ಲ ಹಕ್ಕಿ. ಕಾಕಾ, ಕಾಕು ಜೊತೆ ಒಂದು ದಿನ ನಾನೂ ಹೋಗಿದ್ದೆ. ಕಾಕಾ ಕವಣೆ ಹಿಡಿದು ಬಣವೆಯ ಹಿಂದೆ ಹೋಗಿ ನಿಂತರು. "ಕಂಡದ್ದಕ್ಕ ಹೊಡಿಯೂದು ನನಗ ಕಲಿಸಿಲ್ಲ. ನೀ ನೋಡಿ ಹೇಳು."

ಕಾಕು ಬದುವಿನ ಮೇಲೆ ನಿಂತು ಕೂಗಿದರು: "ಬಲಕ್ಕ ಹತ್ತು ಹೆಜ್ಜಿ!"

"ಬಲಕ್ಕ ಹತ್ತು ಹೆಜ್ಜಿ!" ಕಲ್ಲು ಹಾರಿತು. "ಬಿತ್ತೇನ?"

"ಬಿತ್ತು."

"ಎಲ್ಲಿ?"

"ಬುತ್ತಿ ಗಂಟಿನ ಮ್ಯಾಲೆ. ಮೊಸರಿನ ಗಡಿಗಿ ಹೋತು."

ನಾವಿಬ್ಬರೂ ನಕ್ಕೆವು; ಕಾಕಾ ನಗಲಿಲ್ಲ. ಇಳಿಬಿಸಿಲಿನಲ್ಲಿ ಮರಳುವಾಗ ಜೋಳದ ತೆನೆಗಳು ನಿದ್ದೆಯಲ್ಲಿದ್ದಂತೆ ತೂಗುತ್ತಿದ್ದವು. ಅವರು ತಮಗೇ ಹೇಳಿಕೊಳ್ಳುವಂತೆ ಅಂದರು: "ಕಡೀ ದಿವ್ಸ ಹೊಡದು, ಬಿತ್ತೇನ್ರಿ ಅಂತ ಕೇಳಿದ್ವಿ ಅಕ್ಕಾರ. ವಾಯರ್‌ಲೆಸ್ ಬಂದ್ ಬಿದ್ದಿತ್ತು. ನಮ್ಮ ಮಂದಿ ನಾವು ಹೊಡದ ವೈರಿ ಗುಡ್ಡಾನ ಏರಾಕತ್ತಿದ್ರು. ಆಮ್ಯಾಲೆ ನಮ್ಮನ್ನ ಬ್ಯಾರೆ ಕಡೆ ಕಳಿಸಿದ್ರು. ಗುಡ್ಡಾ ಗೆದ್ದದ್ದು ಗೊತ್ತಾತು. ನಮ್ಮ ಗುಂಡು ಯಾರ ಮ್ಯಾಲೆ ಬಿತ್ತಂತ ಇವತ್ತಿಗೂ ಗೊತ್ತಿಲ್ಲ. ಅದು ತಿಳಿಯೂತನಕ ಫಲಕ ಬರೀಬ್ಯಾಡ್ರಿ."

೪. ಉತ್ತರ

ನಾನು ಹಲವು ಪತ್ರ ಬರೆದೆ. ಕೊನೆಗೆ, ಆ ದಿನ ಆ ಗುಡ್ಡ ಏರಿದ್ದ ಕಾಲಾಳು ಸೈನಿಕರೊಬ್ಬರು ಕಲಘಟಗಿ ಕಡೆಯ ಬಮ್ಮಿಗಟ್ಟಿಯಲ್ಲಿ ಸಿಕ್ಕರು. ಬಸ್ಸು ಹಿಡಿದು ಬಂದರು. ಕಾಕು ಚಹಾ ಕೊಟ್ಟರು, ಹಾಲು ಒಡೆದಿರಲಿಲ್ಲ. ಕಾಕಾ ನೆಲ ನೋಡುತ್ತ ಕೇಳಿದರು:

"ಆವತ್ತು... ಬಿತ್ತೇನ್ರಿ?"

"ಬಿತ್ರಿ."

"ಎಲ್ಲಿ?"

"ಬರೋಬ್ಬರಿ ಅವರ ಠಾಣೆ ಮ್ಯಾಲೆ. ನಮ್ಮ ಒಬ್ಬ ಮನಶ್ಯಾಗೂ ಚೂರು ತಾಗಲಿಲ್ಲ."

ಇಷ್ಟು ವರ್ಷ ಎತ್ತಿ ಹಿಡಿದಿದ್ದ ಕಾಕಾರ ಹೆಗಲು ನಿಧಾನವಾಗಿ ಕೆಳಗಿಳಿಯಿತು. ಬಂದವರು ಚಹಾದ ಬಸಿ ಕೆಳಗಿಟ್ಟರು. "ಆದ್ರ ನಿಮ್ಮ ಮ್ಯಾಲೆ ನನಗ ಸಿಟ್ಟೈತ್ರಿ. ಮೂರು ದಿವ್ಸ ಒಣಾ ಬಿಸ್ಕೀಟ್ ತಿಂದು ಏರಿದ್ವಿ. ಮ್ಯಾಲಿಂದ ಬ್ಯಾಳಿ ಒಗ್ಗರಣಿ ವಾಸನಿ ಬರ್ತಿತ್ತು. ಅದರ ಆಸೇಕ್ಕ ಓಡಿ ಹೋಗಿ ನೋಡಿದ್ರ, ಅಡಗಿಮನೀನ ಇಲ್ಲ! ಇನ್ನೊಮ್ಮೆ ಅಡಗಿಮನಿ ಬಿಟ್ಟು ಹೊಡೀರಿ!"

ಅಷ್ಟು ಎತ್ತರದಲ್ಲಿ ಒಗ್ಗರಣೆಯ ವಾಸನೆ ಬಂದೀತೇ ಎಂಬ ಅನುಮಾನ ನನಗಿತ್ತು. ಮೊದಲ ಬಾರಿಗೆ ಕೇಳದೆ ಬಿಟ್ಟೆ.

ಕಾಕಾ ಎದ್ದು ನೆಟ್ಟಗೆ ನಿಂತರು. ಕಣ್ಣು ತುಂಬಿತ್ತು, ದನಿ ಮಾತ್ರ ಓಣಿಗೆಲ್ಲ ಕೇಳಿಸಿತು: "ಅಡಗಿಮನಿ ಬಿಟ್ಟು ಹೊಡಿಯೂದು!"

ಒಳಗಿನಿಂದ ಕಾಕು: "ಬುತ್ತಿ ಗಂಟೂ ಬಿಟ್ಟು!"

"ಬುತ್ತಿ ಗಂಟೂ ಬಿಟ್ಟು!"