ಒಂಬತ್ತೇ ಸೂಜಿಚಿಟ್ಟೆ

ಅಪರೂಪದ ಸೂಜಿಚಿಟ್ಟೆಗಳ ಶೋಧನಾ ಕಚೇರಿಯ ನಿಯಮ ಹೀಗಿದೆ: ವರ್ಷಕ್ಕೊಮ್ಮೆ ಹುಡುಕಿದಾಗ ಒಂದೂ ಸಿಗದಿದ್ದರೆ ಕಚೇರಿ ಮುಚ್ಚತಕ್ಕದ್ದು, ಹತ್ತಕ್ಕಿಂತ ಹೆಚ್ಚು ಸಿಕ್ಕರೆ ಅವು ಅಪರೂಪವಲ್ಲವಾದ್ದರಿಂದ ಆಗಲೂ ಮುಚ್ಚತಕ್ಕದ್ದು.

ಅಲ್ಲಿರುವ ಒಬ್ಬನೇ ಅಧಿಕಾರಿ ನನ್ನ ತಂಗಿಯ ಅಳಿಯ. ಆರು ವರ್ಷದಿಂದ ಕುರ್ಚಿ ಬಿಟ್ಟೇಳದೆ, ವರ್ಷಕ್ಕೆ ಒಂಬತ್ತರಂತೆ ಹುಡುಕಿದ್ದಾನೆ. ಏಳನೇ ವರ್ಷವೂ ಸರಿಹೋದರೆ ನೌಕರಿ ಕಾಯಂ, ಇಲ್ಲದಿದ್ದರೆ ಅತ್ತೆಮನೆಯ ಜಗಲಿ ಕಾಯಂ ಅಂತ ತಂಗಿ ಊರಿಗೆಲ್ಲ ಹೇಳಿದ್ದಾಳೆ. ಅವಳು ಬಿಟ್ಟ ಮನೆಗಳಿಗೆ ನಾನು ಹೇಳಿದ್ದೇನೆ.

ಈ ಸಲ ಮೇಲಿನಿಂದ ತಪಾಸಣೆಯ ಮೇಡಂ ಬಂದರು. "ಫೈಲಿನ ಚಿಟ್ಟೆ ಸಾಕು, ಹಳ್ಳದ್ದು ತೋರಿಸಿ" ಅಂದರು. ಹಳ್ಳ ಎಲ್ಲಿದೆ ಅಂತ ಅವನಿಗೆ ಗೊತ್ತಿರಲಿಲ್ಲವಾದ್ದರಿಂದ ದಾರಿ ತೋರಿಸಲು ನಾನು ಹೋದೆ.

ಹಳ್ಳದಲ್ಲಿ ಬಟ್ಟೆ ಒಗೆಯುತ್ತಿದ್ದವಳ ಕಲ್ಲಿನ ಹಿಂದೆ, ಜೊಂಡಿನ ಮೇಲೆ, ಕಡ್ಡಿಯಂಥ ಮೈಯ ನೀಲಿ ಚಿಟ್ಟೆಗಳು. ನೂರಾರು.

"ದೊಡ್ಡತ್ತೆ, ನಾನು ಕೆಟ್ಟೆ" ಅಂದ ಅಳಿಯ.

ಮೇಡಂ ಮುಖವೂ ಬಿಳಿಚಿಕೊಂಡಿತು. ಅವರಿಗೆ ತಪಾಸಣೆಗೆ ಇದ್ದದ್ದೂ ಇದೊಂದೇ ಕಚೇರಿ. "ಇದೇನ್ರೀ, ಎರಡೆರಡು ಅಂಟ್ಕೊಂಡು ಹಾರ್ತಿವೆ?"

"ಇನ್ನೇನಮ್ಮ, ಗಂಡು ಬಾಲದಲ್ಲಿ ಹೆಣ್ಣಿನ ಕತ್ತು ಹಿಡ್ಕೊಂಡಿದೆ. ಹಾಡುಹಗಲೇ! ಆ ಕಡೆ ತಿರುಗಿ ನೀವು."

ಅವರು ತಿರುಗಿದರು. ನಾನು ತಿರುಗಲಿಲ್ಲ, ಯಾರಾದರೂ ನೋಡಬೇಕಲ್ಲ. ಬೆನ್ನು ಹಾಕಿ ನಿಂತೇ ಮೇಡಂ ತಿದ್ದುಪಡಿ ಬರೆಸಿದರು: 'ಖಾಸಗಿ ಕೆಲಸದಲ್ಲಿ ತೊಡಗಿರುವ ಚಿಟ್ಟೆಗಳನ್ನು ಎಣಿಸುವುದು ಸಭ್ಯತೆಗೆ ವಿರುದ್ಧ. ಒಂಟಿಗಳನ್ನು ಮಾತ್ರ ಪರಿಗಣಿಸತಕ್ಕದ್ದು.'

ಒಂಟಿಗಳು ಹದಿಮೂರು. ಅಳಿಯ ಕೆಸರಲ್ಲೇ ಕುಕ್ಕರಿಸಿದ. ನಾನು ಜೊಂಡಿನ ಕಡೆ ಕೈ ತೋರಿಸಿದೆ.

"ಬರ್ಕೋ ಮಾರಾಯ. ಆ ಕಲ್ಲಿನ ಮೇಲಿರೋದು, ಈ ಕಡ್ಡಿ ಮೇಲಿರೋದು, ಒಂದನ್ನೊಂದು ನೋಡೋದೇ ಇಲ್ಲ. ಏನೂ ಇಲ್ದೆ ಯಾರಾದ್ರೂ ಹಾಗೆ ಕೂರ್ತಾರಾ?"

"ಸಾಕ್ಷಿ?" ಮೇಡಂ ಕೇಳಿದರು.

"ಇಷ್ಟು ವರ್ಷದಲ್ಲಿ ನನ್ನ ಹತ್ರ ಸಾಕ್ಷಿ ಕೇಳಿದವರು ನೀವೇ ಮೊದಲು."

'ಸ್ಥಳೀಯ ಹಿರಿಯರ ಹೇಳಿಕೆಯಂತೆ ಸಂಬಂಧವಿದೆ' ಎಂದು ದಾಖಲಾಯಿತು. ಇನ್ನೆರಡರ ವಿಷಯವನ್ನೂ ಹೇಳಿದೆ; ಅದು ಇಲ್ಲಿ ಬರೆಯುವಂಥದ್ದಲ್ಲ.

"ಪಾಪ ಕಣಜ್ಜಿ, ಆ ಹುಳ ತನ್ನ ಪಾಡಿಗೆ ಕೂತಿತ್ತು" ಅಂದಳು ಬಟ್ಟೆ ಒಗೆಯುವವಳು.

"ಅಂಥವನ್ನೇ ನಂಬಬಾರ್ದು ಕಣೇ" ಅಂದೆ.

ಉಳಿದದ್ದು ಒಂಬತ್ತು. ಅಳಿಯ ಕಾಯಂ ಆದ. ಕಾಯಂ ನೌಕರನಿಗೆ ಕೆಲಸದ ಜಾಗದಲ್ಲೇ ವಸತಿ ಕೊಡಬೇಕೆಂಬ ನಿಯಮವಿರುವುದರಿಂದ ಹಳ್ಳಕ್ಕೆ ಮಣ್ಣು ತುಂಬಿ, ಎರಡು ಕೋಣೆ, ಒಂದು ಅಡಿಗೆಮನೆ ಕಟ್ಟಿಸಿಕೊಟ್ಟರು. ಬಟ್ಟೆ ಒಗೆಯುವವಳು ಈಗ ಆ ಮನೆಯ ಹಿತ್ತಲ ನಲ್ಲಿಯಲ್ಲೇ ಒಗೆಯುತ್ತಾಳೆ. ಕಾಯಂ ನೌಕರರಿಗೆ ಚಿಟ್ಟೆ ಕಡ್ಡಾಯವಲ್ಲ.

ಆದರೂ ಹಳ್ಳದ ಚಿಟ್ಟೆಗಳು ಎಲ್ಲಿ ಎಂದು ಮೇಡಂ ಮೊನ್ನೆ ಪತ್ರ ಬರೆದಿದ್ದರು. 'ಓಡಿಹೋಗಿವೆ' ಎಂದು ಬರೆಸಿ ಕಳಿಸಿದೆ. ಅವುಗಳ ನಡತೆ ಅವರಿಗೂ ಗೊತ್ತಿತ್ತಲ್ಲ, ತಕ್ಷಣ ಒಪ್ಪಿದರು.