ಮಸಾಲೆ ಡಬ್ಬಿಯ ಜೇಡ್ ಎಮ್ಮೆ

ಬಾಯಿಲ್ಲದ ಕಲ್ಲಿನ ಪ್ರಾಣಿಗಳಿಂದ ಏನು ರಗಳೆ ಅಂತೀರಿ. ಅಮೆರಿಕದ ಮಾರಿಸ್‌ವಿಲ್‌ನ ಮಗಳ ಮನೆಯಲ್ಲಿ ನಾನು ಇಟ್ಟುಕೊಂಡಿರೋದು ಆರೇ ಆರು. ಚೀನಾ ದೇಶದ ಜೇಡ್ ಕಲ್ಲಿನ ಹಳೇ ಕೆತ್ತನೆ, ಒಂದೊಂದೂ ನಿಂಬೆಹಣ್ಣಿನಷ್ಟು. ಅವು ಬಂದ ಮೇಲೆ ಮನೇಲಿ ನಗು ತಪ್ಪಿದ ವಾರವಿಲ್ಲ.

ಕೆನ್ನೆಯ ಪರೀಕ್ಷೆ

ಮೊದಲು ಬಂದದ್ದು ಎಮ್ಮೆ. ಹತ್ತಿರದ ಊರು ಏಪೆಕ್ಸ್‌ನಲ್ಲಿ ಯಾರೋ ಮನೆ ಖಾಲಿ ಮಾಡ್ತಾ ಗ್ಯಾರೇಜ್ ಸೇಲ್ ಇಟ್ಟಿದ್ದರು. ಹಳೇ ಚಮಚಗಳ ಮಧ್ಯೆ ಕಾಲು ಮಡಚಿ ಮಲಗಿತ್ತು. ನಾನು ಸ್ಕೂಲಿಗೆ ಹೋದವಳಲ್ಲ, ಆದರೆ ಕಲ್ಲು ಗೊತ್ತು. ನಮ್ಮಪ್ಪ ಒರಳುಕಲ್ಲು ಕೆತ್ತುತ್ತಿದ್ದವರು. ಎಮ್ಮೆಯನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡೆ. ಗಾಜೋ ಪ್ಲಾಸ್ಟಿಕ್ಕೋ ಆದರೆ ಬೇಗ ಬೆಚ್ಚಗಾಗುತ್ತೆ. ಇದು ಮಡಕೆ ನೀರಿನ ಹಾಗೆ ತಣ್ಣಗೇ ಇತ್ತು. ಮಾರುವ ಹೆಂಗಸು ನಾನು ಎಮ್ಮೆಗೆ ಮುತ್ತು ಕೊಡ್ತಿದ್ದೀನಿ ಅಂದುಕೊಂಡು, ಇಷ್ಟು ಪ್ರೀತಿ ಇದ್ದರೆ ಸುಮ್ಮನೆ ತಗೊಂಡು ಹೋಗಲಿ ಅಂದಳಂತೆ, ಮಗಳು ಹೇಳಿದಳು. ಅಂದಿನಿಂದ ಯಾವ ಸೇಲ್‌ಗೆ ಹೋದರೂ ಮೊದಲು ಕೆನ್ನೆ, ಆಮೇಲೆ ಪರ್ಸು.

ಗೊಂಬೆ ಮಲಗಿಸುವ ದಿನ

ಮನೆಯಲ್ಲಿರೋದು ಒಂದೇ ಶೋಕೇಸ್. ಅದರ ತುಂಬ ಅಳಿಯಂದಿರ ಕ್ರಿಕೆಟ್ ಕಪ್‌ಗಳು. ನನ್ನ ಪ್ರಾಣಿಗಳಿಗೆ ಹಳೇ ಮಸಾಲೆ ಡಬ್ಬಿಯೇ ಗತಿ, ಬಟ್ಟಲಿಗೊಂದು. ದಸರಾದಲ್ಲಿ ಮಾತ್ರ ಅರಿಶಿನ ಕುಂಕುಮ ಹಚ್ಚಿ ಪಟ್ಟದ ಗೊಂಬೆಗಳ ಪಕ್ಕ ಇಡುತ್ತೇನೆ. ಒಂದು ವರ್ಷ ಹಬ್ಬ ಮುಗಿದು ಗೊಂಬೆ ಮಲಗಿಸುವಾಗ ಪಕ್ಕದ ಮನೆಯ ಹೆಣ್ಣುಮಗಳು ಕೇಳಿದಳು, "ಆಂಟಿ, ನಿಮ್ಮ ಪ್ರಾಣಿಗಳು ಮೊದಲ ದಿನದಿಂದ ಮಲಗೇ ಇವೆಯಲ್ಲ?"

"ಅವಕ್ಕೆ ವರ್ಕ್ ಫ್ರಮ್ ಹೋಮ್ ಕಣಮ್ಮ," ಅಂದೆ. ಮನೆಯಿಂದಲೇ ಆಫೀಸು ಮಾಡುವ ಅಳಿಯಂದಿರು ಸೋಫಾದಲ್ಲಿ ಮಲಗಿದ್ದವರು ಎದ್ದು ಕೂತರು.

ಅಟ್ಲಾಂಟಾದ ತೀರ್ಪು

ನಾನು ಆರಿಸಿ ತಂದವೆಲ್ಲ ಗಾಜು ಅಂತಲೇ ಅಳಿಯಂದಿರ ವಾದ. ಕೊನೆಗೆ ಪಂಥವೇ ಆಯಿತು: ಎಮ್ಮೆ ಗಾಜಾದರೆ ನನ್ನ ಡಬ್ಬಿ ಗ್ಯಾರೇಜಿಗೆ, ಜೇಡ್ ಆದರೆ ಕಪ್‌ಗಳು ಗ್ಯಾರೇಜಿಗೆ. ಹಳೇ ಕೆತ್ತನೆ ಪರೀಕ್ಷೆ ಮಾಡುವ ಹಿರಿಯರೊಬ್ಬರು ಅಟ್ಲಾಂಟಾದಲ್ಲಿದ್ದಾರೆ ಅಂತ ತಿಳಿದು ಡ್ರೈವ್ ಮಾಡಿಕೊಂಡು ಹೋದೆವು. ನನ್ನ ಮಾತನ್ನು ಇಂಗ್ಲಿಷಿಗೆ ತಿರುಗಿಸೋಕೆ ಮೊಮ್ಮಗಳು.

ಆ ಹಿರಿಯರು ಮಸಾಲೆ ಡಬ್ಬಿ ತೆರೆದು ಮೊದಲು ಸೀನಿದರು. ಎಮ್ಮೆಯ ಕಿವಿಸಂದಿಯಲ್ಲಿ ಹಳದಿ ಕಲೆ ಕಂಡಿತು. ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, ತುಂಬಾ ವರ್ಷ ಮಣ್ಣಿನಲ್ಲಿ ಹೂತಿದ್ದ ಗುರುತಿರಬಹುದು ಅಂದರು.

"ಅದು ದಸರಾ ಅರಿಶಿನ ಅಂತ ಹೇಳು ಪುಟ್ಟಿ," ಅಂದೆ.

ಅವರು ಮೂಸಿ ನೋಡಿ ನಕ್ಕೇಬಿಟ್ಟರು. ಅಳಿಯಂದಿರ ಮುಖ ಅರಳಿತು. ಆಮೇಲೆ ಅವರು ಭೂತಗನ್ನಡಿ ಬದಿಗಿಟ್ಟು, ಕಣ್ಣು ಮುಚ್ಚಿ, ಎಮ್ಮೆಯನ್ನು ಕೆನ್ನೆಗೆ ಒತ್ತಿಕೊಂಡರು. ನನ್ನ ಹಾಗೇ. ಅಪ್ಪಟ ಜೇಡ್, ಇನ್ನೂರು ವರ್ಷಕ್ಕೆ ಕಡಿಮೆಯಿಲ್ಲ, ಇದನ್ನು ಆರಿಸಿದವರು ಯಾರು ಅಂತ ಕೇಳಿದರು. "ಮೈ ಅಜ್ಜಿ," ಅಂದಳು ಮೊಮ್ಮಗಳು. ನಾನು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತೆ.

ಉಳಿದವೂ ಜೇಡೇ, ಬಾತುಕೋಳಿ ಒಂದು ಬಿಟ್ಟು. ಅದು ಗಾಜು ಅಂತ ನನಗೆ ಮೊದಲೇ ಗೊತ್ತಿತ್ತು. ನನ್ನ ಹುಟ್ಟುಹಬ್ಬಕ್ಕೆ ಆನ್‌ಲೈನ್‌ನಲ್ಲಿ ತರಿಸಿಕೊಟ್ಟವರು ಅಳಿಯಂದಿರು, ಬೇಜಾರಾಗಬಾರದು ಅಂತ ಸುಮ್ಮನಿದ್ದೆ.

ಮನೆಗೆ ಬಂದು ಶೋಕೇಸ್ ಖಾಲಿ ಮಾಡಿ, ಬಾತುಕೋಳಿ ಸಮೇತ ಆರನ್ನೂ ಒಳಗೆ ಜೋಡಿಸುವಾಗ ಅಳಿಯಂದಿರು ಥಳಥಳ ಹೊಳೆಯುವ ದೊಡ್ಡ ಕಪ್ ಒಂದನ್ನು ಅಪ್ಪಿಕೊಂಡು ನಿಂತರು. "ಅತ್ತೆ, ಇದೊಂದು ಒಳಗಿರಲಿ. ಫೈನಲ್‌ನಲ್ಲಿ ಗೆದ್ದದ್ದು."

ಇಸಕೊಂಡು ಕೆನ್ನೆಗೆ ಒತ್ತಿ ನೋಡಿದೆ.

"ಆಗಲೇ ಬೆಚ್ಚಗಾಯಿತು ಅಳಿಯಂದ್ರೇ," ಅಂದೆ. "ಬಾತುಕೋಳಿ ಪಕ್ಕ ಇಡಿ."