ನಾನು ಕೌರವನ ಕೆಲಸಕ್ಕೆ ಸೇರಿದ್ದು

ನಲವತ್ತು ದಾಟಿದ ಮನುಷ್ಯ ಒಮ್ಮೆಯಾದರೂ ಒಬ್ಬನೇ ಕೂತು, ತಾನು ಎಂಥವನು, ಯಾವ ಕೆಲಸಕ್ಕೆ ಹುಟ್ಟಿದವನು ಎಂದು ತನ್ನನ್ನೇ ಕೇಳಿಕೊಳ್ಳಬೇಕು ಎಂದು ಪೇಟೆಯ ಸಭೆಯೊಂದರಲ್ಲಿ ಯಾರೋ ಸ್ವಾಮಿಗಳು ಹೇಳಿದರು. ಅವರು ಹೇಳಿ ಹೋದರು. ಕೂತದ್ದು ನಾನು.

ಆಗ ನಾನು ಹೆಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನಲ್ಲಿ ಓಡುತ್ತಿದ್ದವು. ಇದ್ದ ಕೆಲಸ ಬಿಡುವ ಆಲೋಚನೆ ಬುದ್ಧಿ ಇದ್ದವರಿಗೆ ಬರುವ ಕಾಲವಲ್ಲ. ನನಗೆ ಬಂತು. ದೇರೆಬೈಲಿನ ನಮ್ಮ ಮನೆಯ ಜಗಲಿಯಲ್ಲಿ ದಿನಾ ಬೆಳಿಗ್ಗೆ ಕಣ್ಣು ಮುಚ್ಚಿ ಆತ್ಮಾವಲೋಕನಕ್ಕೆ ಕೂತೆ. ಹೆಂಡತಿ ಗಿರಿಜೆ ಮೊದಲು ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ. ಮರುದಿನ, ಹೇಗೂ ಸುಮ್ಮನೆ ಕೂತಿದ್ದೀರಲ್ಲ ಎಂದು ಒಣಗಲು ಹಾಕಿದ ಹಪ್ಪಳವನ್ನು ಕಾಗೆಗಳಿಂದ ಕಾಯಲು ಹೇಳಿದಳು.

ಹಪ್ಪಳ ಕಾಯುತ್ತಲೇ ನನಗೆ ಸತ್ಯ ಹೊಳೆಯಿತು: ನಾನು ಹುಟ್ಟಾ ವಾಗ್ಮಿ! ನಮ್ಮ ದೊಡ್ಡ ಗುಮಾಸ್ತ ಶ್ರೀನಿವಾಸರಾಯರೊಡನೆ ನಡೆದ ಯಾವ ವಾದದಲ್ಲೂ ನಾನು ಸೋತವನಲ್ಲ. ಎಲ್ಲವನ್ನೂ ಸಂಜೆ ಮನೆಗೆ ಬರುವ ದಾರಿಯಲ್ಲಿ, ಒಬ್ಬನೇ ನಡೆಯುತ್ತಾ, ಗೆದ್ದಿದ್ದೇನೆ. ಇಂಥ ನಾಲಗೆ ಹೆಂಚಿನ ಧೂಳಿನಲ್ಲಿ ಹಾಳಾಗಬಾರದು. ತಾಳಮದ್ದಲೆಯ ಅರ್ಥಧಾರಿಯಾಗುವುದೇ ನನ್ನ ದಾರಿ ಎಂದು ತೀರ್ಮಾನಿಸಿದೆ. ವೇಷ ಬೇಡ, ಕುಣಿತ ಬೇಡ. ಭಾಗವತರ ಪದಕ್ಕೆ ಕೂತಲ್ಲೇ ಮಾತು ಕಟ್ಟಿ ಎದುರಿನವನ ಬಾಯಿ ಮುಚ್ಚಿಸಿದರಾಯಿತು. ಊರೂರು ತಿರುಗುವ ಕೂಟ ಸೇರಿದರೆ ಹೋದಲ್ಲೆಲ್ಲ ಶಾಲು ಹೊದೆಸುತ್ತಾರೆ.

"ಶಾಲು ಬೇಯಿಸಿ ಉಣ್ಣಲಿಕ್ಕೆ ಆಗ್ತದಾ?" ಎಂದಳು ಗಿರಿಜೆ.

ಕೊನೆಗೆ ನಮ್ಮೊಳಗೆ ಒಂದು ಒಪ್ಪಂದವಾಯಿತು. ಭಾನುವಾರ ಮಧ್ಯಾಹ್ನ ನಮ್ಮ ಭಜನಾ ಮಂದಿರದಲ್ಲಿ ತಾಳಮದ್ದಲೆ. ಕೃಷ್ಣ ಪಾಂಡವರ ಪರವಾಗಿ ಸಂಧಾನಕ್ಕೆ ಬರುವ ಪ್ರಸಂಗ. ಕೌರವನ ಅರ್ಥ ಹೇಳುವವರಿಗೆ ಗಂಟಲು ಕಟ್ಟಿತ್ತು, ಆ ಪಾತ್ರವನ್ನು ನಾನು ಬೇಡಿ ಪಡೆದಿದ್ದೆ. ಅಲ್ಲಿ ಗೆದ್ದರೆ ಸೋಮವಾರವೇ ಕೆಲಸ ಬಿಡಬಹುದು, ಅವಳು ತುಟಿ ಬಿಚ್ಚುವುದಿಲ್ಲ. ಸೋತರೆ ಆ ಮಾತನ್ನು ನಾನು ಈ ಜನ್ಮದಲ್ಲಿ ಎತ್ತಕೂಡದು.

ಕೌರವನ ಕೆಲಸ ಸುಲಭ. ಕೃಷ್ಣ ಐದು ಊರು ಕೇಳುತ್ತಾನೆ. ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡುವುದಿಲ್ಲ ಎನ್ನಬೇಕು. ಎಂಥ ದಡ್ಡನಿಗೂ ಹೇಳಲು ಬರುತ್ತದೆ ಎಂದುಕೊಂಡಿದ್ದೆ.

ಭಾನುವಾರ ಮಂದಿರ ತುಂಬಿತ್ತು. ಗಿರಿಜೆ ಹೆಂಗಸರ ಸಾಲಿನಲ್ಲಿ ಮುಂದೆಯೇ ಕೂತಿದ್ದಳು. ನನ್ನ ಪೀಠಿಕೆ ಭರ್ಜರಿಯಾಗಿಯೇ ಹೋಯಿತು. ಆ ಗೊಲ್ಲ ಬಂದಾಗ ಸಭೆಯಲ್ಲಿ ಒಬ್ಬನೂ ಏಳಕೂಡದು, ಎದ್ದವನಿಗೆ ದಂಡ ಎಂದು ತೊಡೆ ತಟ್ಟಿದೆ. ಜನ ತಲೆದೂಗಿದರು. ಗಿರಿಜೆಯ ಮುಖದಲ್ಲಿ ಸಣ್ಣ ಗಾಬರಿ ಕಂಡಿತು. ಇವರು ನಿಜವಾಗಿ ಕೆಲಸ ಬಿಟ್ಟರೆ ಎಂತ ಮಾಡುವುದು ಎಂಬ ಗಾಬರಿ. ನನಗೆ ಅದೇ ಮೊದಲ ಶಾಲು.

ಅಷ್ಟರಲ್ಲಿ ಸುದ್ದಿ ಬಂತು. ಬಂಟ್ವಾಳದಿಂದ ಬರಬೇಕಾಗಿದ್ದ ಕೃಷ್ಣನ ಇದ್ದಿಲು ಬಸ್ಸು ಪಡೀಲಿನಲ್ಲಿ ಕೆಟ್ಟು ನಿಂತಿದೆ. ಹತ್ತಿರದಲ್ಲೇ ಇರುವ ಹಳೆಯ ಅರ್ಥಧಾರಿಯೊಬ್ಬರನ್ನು ಕರೆತರುತ್ತಿದ್ದಾರೆ. ಯಾರಾದರೂ ಬರಲಿ ಎಂದು ಮೀಸೆ ತಿರುವಿದೆ. ಬದಲಿ ಕೃಷ್ಣ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು.

ಶ್ರೀನಿವಾಸರಾಯರು!

ಇಷ್ಟು ವರ್ಷ ಅವರ ಕೈಕೆಳಗೆ ಇದ್ದೂ ಅವರು ಅರ್ಥ ಹೇಳುತ್ತಾರೆಂದು ನನಗೆ ಗೊತ್ತಿರಲಿಲ್ಲ. ನಾನು ಏಳಲಿಲ್ಲ, ದೇವರಾಣೆ, ಕಾಲುಗಳೇ ಎದ್ದವು. ಹೆಗಲ ಶಾಲು ಸೊಂಟಕ್ಕಿಳಿಯಿತು. ಕೈಗಳು ತಾವಾಗಿಯೇ ಮುಗಿದುಕೊಂಡವು.

ಸಭೆ ದಂಗಾಯಿತು. ಕತೆಯ ಪ್ರಕಾರ ಕೃಷ್ಣ ಕಾಲಿನ ಹೆಬ್ಬೆರಳಿನಿಂದ ನೆಲ ಒತ್ತಿ ಕೌರವನನ್ನು ಸಿಂಹಾಸನದಿಂದ ಉರುಳಿಸಬೇಕು. ಇಲ್ಲಿ ಹೆಬ್ಬೆರಳಿಗೆ ಕೆಲಸವೇ ಉಳಿಯಲಿಲ್ಲ. ರಾಯರು ಕೂತರು. ಅವರು ಕೂರು ಎಂದ ಮೇಲೆ ಹಸ್ತಿನಾವತಿಯ ಚಕ್ರವರ್ತಿಯೂ ಚಾಪೆಯ ಅಂಚಿನಲ್ಲಿ ಕೂತ.

ಭಾಗವತರು ಪದ ಹಾಡಿದರು. ಕಚೇರಿಯಲ್ಲಿ ಕೆಲಸ ಮುಗಿಯಿತೇ ಎಂದು ಕೇಳುವ ಅದೇ ದನಿಯಲ್ಲಿ ರಾಯರು ಕೇಳಿದರು: "ಕೌರವಾ, ಪಾಂಡವರಿಗೆ ಐದು ಊರು ಕೊಡುತ್ತೀಯಾ?"

"ಆಗಬಹುದು ಸ್ವಾಮಿ" ಎಂದೆ.

ಮದ್ದಳೆಯವರ ಕೈ ಗಾಳಿಯಲ್ಲೇ ನಿಂತಿತು. ಭಾಗವತರು ತೆರೆದ ಬಾಯಿ ತೆರೆದೇ ಇತ್ತು; ಮುಂದೆ ಹಾಡಲು ಅವರಲ್ಲಿ ಪದವೇ ಇರಲಿಲ್ಲ. ನನ್ನ ಮಾತು ಕೇಳಿ ನನಗೇ ಸಿಡಿಲು ಬಡಿದ ಹಾಗಾಯಿತು. ಎದುರಿಗಿದ್ದ ಅಜ್ಜರೊಬ್ಬರು ಪಕ್ಕದವನನ್ನು ಕೇಳಿದರು: "ಹಾಗಾದರೆ ಯುದ್ಧ ಇಲ್ಲವಾ ಮಾರಾಯ?"

ರಾಯರು ಪಳಗಿದವರು. ಸರಿಯಾಗಿ ಆಲೋಚಿಸಿ ಹೇಳು, ಕೊಡುವ ಮನಸ್ಸು ನಿನಗಿಲ್ಲ ಅಲ್ಲವೇ ಎಂದು ದಾರಿ ತೋರಿಸಿದರು. ತೋರಿಸುವಾಗ ಹುಬ್ಬು ಎತ್ತಿದರು. ಅನಾಹುತವಾದದ್ದು ಅಲ್ಲೇ. ಕಚೇರಿಯಲ್ಲಿ ಆ ಹುಬ್ಬು ಎದ್ದರೆ ನಾನು ಮಾಡಿದ್ದು ಸಾಲದು ಎಂದು ಅರ್ಥ.

"ಬೇಕಾದರೆ ಆರು ಕೊಡುವ" ಎಂದೆ.

ಹೆಂಗಸರ ಸಾಲಿನಲ್ಲಿ ನಗೆ ಒಡೆಯಿತು. ರಾಯರು ನನ್ನ ಕಡೆ ಬಾಗಿ, ಮೆಲ್ಲಗೆ ಹೇಳುತ್ತಿದ್ದೇನೆ ಎಂದುಕೊಂಡು, ಇಡೀ ಮಂದಿರಕ್ಕೆ ಕೇಳುವ ಹಾಗೆ ಹೇಳಿದರು: "ಇಲ್ಲ ಅನ್ನು ಮಾರಾಯ."

"ಅಪ್ಪಣೆ. ಇಲ್ಲ" ಎಂದೆ.

ಹೀಗೆ ಕುರುಕ್ಷೇತ್ರದ ಯುದ್ಧವು ದೊಡ್ಡ ಗುಮಾಸ್ತರ ಅಪ್ಪಣೆಯ ಮೇರೆಗೆ ನಡೆಯಿತು.

ಮನೆಗೆ ನಡೆಯುವಾಗ ಗಿರಿಜೆ ನಾಲ್ಕು ಹೆಜ್ಜೆ ಮುಂದೆಯೇ ಹೋದಳು. ನಾಚಿಕೆಯಿಂದ ನನಗೆ ಅಳುವೇ ಬರುವುದರಲ್ಲಿತ್ತು. ಎಷ್ಟೋ ವಾದಗಳನ್ನು ಗೆದ್ದ ದಾರಿ ಅದು. ಆ ದಿನ ಅಲ್ಲಿಯೂ ನನಗೆ ಒಂದು ಮಾತು ಹೊಳೆಯಲಿಲ್ಲ.

ಸೋಮವಾರ ರಾಯರು ಕರೆಸಿದರು. ನಾನು ಕೆಲಸ ಬಿಡುವ ಮೊದಲೇ ಕೆಲಸ ನನ್ನನ್ನು ಬಿಟ್ಟಿತು ಎಂದುಕೊಂಡೇ ಹೋದೆ. ಅವರಿಗೆ ಸಿಟ್ಟೇ ಇರಲಿಲ್ಲ. ನನ್ನಂಥವನನ್ನು ಇಷ್ಟು ಕಾಲ ಒಳಕೋಣೆಯಲ್ಲಿ ಕೂರಿಸಿದ್ದು ತಮ್ಮ ತಪ್ಪು ಎಂದರು. ಹೆಂಚು ಒಡೆದಿದೆ, ಮಾಡು ಸೋರುತ್ತದೆ ಎಂದು ಬೈಯುತ್ತಾ ಬರುವವರನ್ನು ಇನ್ನು ಎದುರಿನ ಮೇಜಿನಲ್ಲಿ ನಾನೇ ನೋಡಿಕೊಳ್ಳಬೇಕಂತೆ.

"ಕೊಡುವುದು ಬಿಡುವುದು ನಾನು ನೋಡಿಕೊಳ್ತೇನೆ. ನೀನು ಆಗಬಹುದು ಸ್ವಾಮಿ ಅಂತ ಮಾತ್ರ ಹೇಳು."

ಅಂದಿನಿಂದ ಕೈ ಎತ್ತಿಕೊಂಡು ಬಂದವರು ಕೈ ಮುಗಿದು ಹೋಗುತ್ತಿದ್ದಾರೆ. ಸ್ವಾಮಿಗಳ ಮಾತು ಸುಳ್ಳಾಗಲಿಲ್ಲ. ನಾನು ಯಾವ ಕೆಲಸಕ್ಕೆ ಹುಟ್ಟಿದವನೆಂದು ಗೊತ್ತಾಯಿತು. ಗೊತ್ತಾಗುವಾಗ ಊರೆಲ್ಲ ಎದುರಿಗೆ ಕೂತಿರಬೇಕಾಗಿರಲಿಲ್ಲ, ಅಷ್ಟೆ.

ಸಂಜೆ ಮನೆ ಮೆಟ್ಟಿಲು ಹತ್ತಿದರೆ ಗಿರಿಜೆ ಕೊಡಪಾನ ಹಿಡಿದು ನಿಂತಿರುತ್ತಾಳೆ.

"ಇವತ್ತು ಎಷ್ಟು ಊರು ಕೊಟ್ಟು ಬಂದಿರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೊಡಪಾನವನ್ನು ನನ್ನ ಕೈಗಿತ್ತು ಬಾವಿಯ ಕಡೆ ತೋರಿಸುತ್ತಾಳೆ. ಸೂಜಿಯ ಮೊನೆಯ ಮಾತು ನನ್ನ ನಾಲಗೆಯ ತುದಿಯವರೆಗೂ ಬರುತ್ತದೆ.

"ಆಗಬಹುದು" ಎನ್ನುತ್ತೇನೆ.